ಏಳು ಕೆಂಪು, ಒಂದು ಬಿಳಿ

ಗಡಿಗೆಯಲ್ಲಿ ನಾನು ಮೋಸ ಮಾಡಿದೆ. ಹನ್ನೊಂದು ವರ್ಷಗಳ ಹಿಂದೆ, ಶ್ರಾವಣ ಹುಣ್ಣಿಮೆಯ ಬೆಳಿಗ್ಗೆ, ಎಂಟು ಜನ ಹೆಂಗಸರು ನನ್ನನ್ನು ನಂಬಿ ಒಬ್ಬೊಬ್ಬರಾಗಿ ಕೈ ಹಾಕಿದ ಗಡಿಗೆ ಅದು. ಒಳಗೆ ಏಳು ಕೆಂಪು ಗುಂಡು, ಒಂದು ಬಿಳಿ ಗುಂಡು. ಬಿಳಿ ಗುಂಡು ದುರ್ಗಿಯ ಕೈಗೆ ಬಂತು. ಬಂತು ಎನ್ನುವುದೂ ಸುಳ್ಳೇ — ಬರುವ ಹಾಗೆ ಮಾಡಿದವನು ನಾನು.

ಇಷ್ಟು ಬರೆಯಲು ಮೂರು ದಿನ ಹಿಡಿಯಿತು. ಮೊದಲ ದಿನ ಬರೆದ ಪುಟದಲ್ಲಿ ಮುಕ್ಕಾಲು ಪಾಲು ನನ್ನ ತಂಗಿಯ ಕುತ್ತಿಗೆ ನೋವೇ ತುಂಬಿತ್ತು. ಹರಿದೆ. ಎರಡನೆಯ ದಿನದ್ದರಲ್ಲಿ ನಾನು ಎಷ್ಟು ಒಳ್ಳೆಯ ಮಾಸ್ತರನಾಗಿದ್ದೆ ಎಂಬುದಕ್ಕೆ ಸಾಕ್ಷಿಗಳಿದ್ದವು. ಅದನ್ನೂ ಹರಿದೆ. ಅರವತ್ತೊಂದು ವರ್ಷದ ಮುದುಕನಿಗೆ ತನ್ನ ಮೇಲೆ ಎಷ್ಟೊಂದು ಕನಿಕರ ಇರುತ್ತದೆ! ಬಾಯಿಬಿಟ್ಟು ಹೇಳಹೊರಟರೆ ಇನ್ನೂ ಕಷ್ಟ — ನಾಲಿಗೆ ಜಾರಿ ಜಾರಿ ನೆಪದ ಕಡೆಗೇ ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಊರವರಿಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಗೊತ್ತೇ ಇದೆಯಲ್ಲ ಎಂದು ಬಿಡುತ್ತ ಹೋದರೆ ಬೇಕಾದದ್ದೂ ಬಿಟ್ಟುಹೋಗುತ್ತದೆ.

ನಮ್ಮೂರು ಹೊನ್ನಾವರಕ್ಕೂ ಭಟ್ಕಳಕ್ಕೂ ನಡುವೆ, ಹೆದ್ದಾರಿಗೆ ಅಂಟಿಕೊಂಡಿದೆ. ರಸ್ತೆಯ ಪಕ್ಕ ಒಂದು ಗೋಳಿಮರ ಇತ್ತು. ಅದರ ಬುಡದಲ್ಲಿ ಎಂಟು ಜನ ಹೆಂಗಸರು ಬುಟ್ಟಿ ಇಟ್ಟು ಮೀನು ಮಾರುತ್ತಿದ್ದರು. ಮುಂಜಾನೆ ಹೊನ್ನಾವರದ ಬಂದರಿಗೆ ಹೋಗಿ ಮೀನು ಕೊಂಡುಕೊಂಡು ಟೆಂಪೋದಲ್ಲಿ ವಾಪಸಾದರೆ ಎಂಟೂವರೆಗೆಲ್ಲ ಗಿರಾಕಿ ಶುರು. ಭಟ್ಕಳದ ಕಡೆಯ ನವಾಯತ ಮುಸ್ಲಿಮರು ಕಾರು ನಿಲ್ಲಿಸಿ ಇಸ್ವಾಣ ಮೀನಿನ ಕಿವಿರು ಎತ್ತಿ ನೋಡಿ ಕೊಳ್ಳುತ್ತಿದ್ದರು. ಆಮೇಲೆ ರಸ್ತೆ ಅಗಲವಾಯಿತು, ಮರ ಹೋಯಿತು. ಬದಲಿಗೆ ಸ್ವಲ್ಪ ಒಳಗೆ ತಗಡಿನ ಮಾಡು ಹಾಕಿ ಸಿಮೆಂಟಿನ ಕಟ್ಟೆಗಳನ್ನು ಮಾಡಿಕೊಟ್ಟರು. ಎಂಟು ಇರಬೇಕಾದಲ್ಲಿ ಏಳು ಕಟ್ಟೆ. ಎಂಟನೆಯ ಜಾಗದಲ್ಲಿ ನೀರಿನ ಟ್ಯಾಂಕು ಬಂದು ಕೂತಿತು. ಒಬ್ಬಳು ಹೊರಗೆ ಹೋಗಲೇಬೇಕು. ಹೊರಗೆ ಹೋಗುವುದೆಂದರೆ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಕೇರಿ ಕೇರಿ ಅಲೆದು, ಗೇಟಿನ ಮುಂದೆ ನಿಂತು ಕೂಗಿ ಮಾರುವುದು. ಮುಂದೆ ಯಾರಾದರೂ ಕಟ್ಟೆ ಬಿಟ್ಟರೆ ಆಗ ಒಳಗೆ ಬರಬಹುದು, ಅಷ್ಟೇ.

ಇಂಥ ಹೊತ್ತಿನಲ್ಲಿ ನಮ್ಮ ಕಡಲಿನವರಿಗೆ ಇರುವುದು ಒಂದೇ ದಾರಿ — ಗುಂಡು ಎತ್ತುವುದು. ಹಿಂದೆ ಬಲೆಯ ಅಂಚಿಗೆ ಭಾರಕ್ಕೆಂದು ಸುಟ್ಟ ಮಣ್ಣಿನ ಗುಂಡು ಕಟ್ಟುತ್ತಿದ್ದರು, ನಿಂಬೆಹಣ್ಣಿನ ಗಾತ್ರದ್ದು. ಶ್ರಾವಣ ಹುಣ್ಣಿಮೆಯ ದಿನ ಸಮುದ್ರಕ್ಕೆ ತೆಂಗಿನಕಾಯಿ ಕೊಟ್ಟ ಮೇಲೆ, ಯಾವ ದೋಣಿಯವರು ಎಲ್ಲಿ ಬಲೆ ಬಿಡಬೇಕು ಎಂಬುದನ್ನು ಈ ಗುಂಡುಗಳನ್ನು ಗಡಿಗೆಗೆ ಹಾಕಿ, ಎತ್ತಿ ತೀರ್ಮಾನಿಸುತ್ತಿದ್ದರು. ಎತ್ತಿದ ಗುಂಡಿಗೆ ಎದುರು ಮಾತಿಲ್ಲ. ಕೋರ್ಟಿಗೆ ಹೋದರೂ ಹರಿಯದ ಅಣ್ಣತಮ್ಮಂದಿರ ಜಗಳ ಗಡಿಗೆಯ ಎದುರು ಹರಿದದ್ದನ್ನು ನಾನೇ ಕಂಡಿದ್ದೇನೆ. ಹೆಂಗಸರು ಅದನ್ನೇ ಹಿಡಿದರು. ಏಳು ಗುಂಡಿಗೆ ದೋಣಿಗೆ ಬಳಿಯುವ ಕೆಂಪು ಬಣ್ಣ, ಒಂದಕ್ಕೆ ಬಿಳಿ. ಬಿಳಿ ಎತ್ತಿದವಳು ಹೊರಗೆ. ಗಡಿಗೆ ಹಿಡಿಯುವವರು ಯಾರು ಎಂಬ ಮಾತು ಬಂದಾಗ ಎಲ್ಲರೂ ನನ್ನ ಹೆಸರನ್ನೇ ಹೇಳಿದರು. ಅವರ ಮಕ್ಕಳೆಲ್ಲ ನನ್ನ ಹತ್ತಿರ ಲೆಕ್ಕ ಕಲಿತವರು. ಎಂಟು ಜನರಲ್ಲಿ ಒಬ್ಬಳು ನನ್ನ ಸ್ವಂತ ತಂಗಿ ಸುಶೀಲಾ ಎಂಬುದು ಯಾರಿಗೂ ತೊಡಕಾಗಿ ಕಾಣಲಿಲ್ಲ. ಮಾಸ್ತರ್ರು ಅಂಥವರಲ್ಲ — ಎಲ್ಲರ ಬಾಯಲ್ಲೂ ಅದೇ ಮಾತು.

ದುರ್ಗಿಯ ಬಗ್ಗೆ ಹೇಳಬೇಕು. ಆಗ ಅವಳಿಗೆ ನಲವತ್ತೆಂಟರ ಆಸುಪಾಸು. ಗೋಳಿಮರದ ಬುಡದಲ್ಲಿ ಮೊಟ್ಟಮೊದಲು ಬುಟ್ಟಿ ಇಟ್ಟವಳು ಅವಳ ಅತ್ತೆ. ಅತ್ತೆ ಹೋದ ಮೇಲೆ ಆ ಹಿರಿತನ ಇವಳಿಗೆ ಬಂದಿತ್ತು. ಓದಿದ್ದು ನಾಲ್ಕನೆಯ ಇಯತ್ತೆ. ಬಾಯಿ ಜೋರು, ಲೆಕ್ಕ ಅದಕ್ಕಿಂತ ಜೋರು. ಎಲ್ಲಕ್ಕಿಂತ ಹೆಚ್ಚಾಗಿ ಅವಳಿಗೆ ಕೈಗುಣ ಇತ್ತು. ದುರ್ಗಿ ಮುಟ್ಟಿದ ಬುಟ್ಟಿ ಮಧ್ಯಾಹ್ನದೊಳಗೆ ಖಾಲಿ ಎಂದು ಇಡೀ ಮಾರ್ಕೆಟ್ಟಿನ ನಂಬಿಕೆ. ಬೋಣಿಯಾಗದೆ ಕೂತವಳು, "ದುರ್ಗಕ್ಕಾ, ಒಂದ್ಸಲ ಕೈ ತಾಗ್ಸಿ ಹೋಗೆ" ಎಂದು ಕರೆಯುತ್ತಿದ್ದಳು. ದುರ್ಗಿ ಬಯ್ಯುತ್ತಲೇ ಏಳುವಳು: "ನಂದೆಂತ ಕೈಯಾ, ದೇವ್ರ ಪ್ರಸಾದವಾ?" ಆದರೆ ಹೋಗಿ ಮುಟ್ಟುವಳು. ಕೇರಿಯಲ್ಲಿ ಮಗು ಹುಟ್ಟಿದರೆ ಅದರ ಬಾಯಿಗೆ ಮೊದಲ ಹನಿ ಜೇನು ದುರ್ಗಿಯ ಬೆರಳಿನಿಂದಲೇ ಬೀಳಬೇಕು. ನಾನು ಇಂಥದನ್ನೆಲ್ಲ ನಂಬುವವನಲ್ಲ. ಆದರೂ ನನ್ನ ಮಗಳಿಗೆ ಜೇನು ಹಾಕಿದ್ದು ಅವಳೇ.

ಗುಂಡು ಎತ್ತುವ ಎರಡು ದಿನ ಮೊದಲು ಜಗಳ ಶುರುವಾಯಿತು. ಯಾರು ಮೊದಲು ಕೈ ಹಾಕಬೇಕು? ಮೊದಲು ಎತ್ತಿದವರಿಗೆ ಸಮುದ್ರ ಒಲಿಯುತ್ತದೆ ಎಂದು ನಮ್ಮಲ್ಲಿ ಒಂದು ನಂಬಿಕೆ. ರೂಢಿಯ ಪ್ರಕಾರ ಮೊದಲ ಕೈ ದುರ್ಗಿಯದು. ಉಳಿದವರು ಒಪ್ಪಲಿಲ್ಲ. ಕೂಗಾಟ ಹೆದ್ದಾರಿಯ ಲಾರಿಗಳ ಸದ್ದನ್ನೂ ಮೀರಿತು. ನಾನು ಸೀಮೆಸುಣ್ಣ ತರಿಸಿ ಹೊಸ ಕಟ್ಟೆಯ ಮೇಲೆಯೇ ಪಾಠ ಶುರುಮಾಡಿದೆ. ಮೊದಲು ಎತ್ತಿದರೂ ಕಡೆಗೆ ಎತ್ತಿದರೂ ಬಿಳಿ ಬರುವ ಸಂಭವ ಎಂಟರಲ್ಲಿ ಒಂದೇ ಎಂದೆ.

"ಕಡೆಗೆ ಕೈ ಹಾಕೋಳಿಗೆ ಎಂತ ಉಳೀತದೆ ಮಾಸ್ತರ್ರೇ, ಗಡಿಗೆ ತಳವಾ?" ಎಂದಳು ದುರ್ಗಿ. ಎಲ್ಲರೂ ನಕ್ಕರು.

ನಾನು ಬರೆದು ತೋರಿಸಿದೆ. ಕಡೆಯವಳಿಗೆ ಬಿಳಿ ಬರಬೇಕಾದರೆ ಮೊದಲನೆಯವಳು ತಪ್ಪಿಸಿಕೊಳ್ಳಬೇಕು — ಎಂಟರಲ್ಲಿ ಏಳು. ಎರಡನೆಯವಳೂ ತಪ್ಪಿಸಿಕೊಳ್ಳಬೇಕು — ಏಳರಲ್ಲಿ ಆರು. ಹೀಗೆ ಒಂದರ ಪಕ್ಕ ಒಂದು ಗುಣಿಸುತ್ತ ಹೋದರೆ ಮೇಲಿನದು ಕೆಳಗಿನದು ಹೊಡೆದುಹೋಗಿ ಕಡೆಗೆ ಎಂಟರಲ್ಲಿ ಒಂದೇ ಉಳಿಯುತ್ತದೆ. ಯಾರಿಗೂ ತಿಳಿಯಲಿಲ್ಲ. ದುರ್ಗಿ ಮಾತ್ರ ಕಟ್ಟೆಯ ಮೇಲಿನ ಅಂಕಿಗಳನ್ನೇ ನೋಡುತ್ತಿದ್ದಳು. ಆಮೇಲೆ ನಿಧಾನಕ್ಕೆ ಹೇಳಿದಳು: "ಹಾಂಗಂದ್ರೆ, ಎಂಟ್ ಜನರ ಎದ್ರು ಎಂಟ್ ಗುಂಡು ಬಟ್ಟೆ ಮುಚ್ಚಿ ಇಟ್ಟ ಹಾಂಗೆ. ಯಾರ್ ಮೊದ್ಲು ಬಟ್ಟೆ ತೆಗದ್ರೂ ಒಳಗಿದ್ದದ್ದು ಬದಲಾಗೂದಿಲ್ಲ. ಅಲ್ದಾ?"

ಅಷ್ಟು ವರ್ಷ ಕಲಿಸಿಯೂ ನನಗೆ ಅಷ್ಟು ಸರಳವಾಗಿ ಹೇಳಲು ಬಂದಿರಲಿಲ್ಲ. ಆಮೇಲೆ ನಿವೃತ್ತಿಯಾಗುವ ತನಕ ತರಗತಿಯಲ್ಲಿ ಆ ಬಟ್ಟೆಯ ಉದಾಹರಣೆಯನ್ನೇ ಕೊಟ್ಟೆ. ಅದು ಯಾರದೆಂದು ಒಂದು ದಿನವೂ ಹೇಳಲಿಲ್ಲ. ಹೇಗೂ ಎಲ್ಲವನ್ನೂ ಬರೆಯುತ್ತಿರುವಾಗ ಇದೂ ಇರಲಿ.

"ಎಲ್ಲರ ಪಾಲೂ ಒಂದೇ ಆದ್ರೆ ನಂಗೆ ಮೊದ್ಲಿನ ಕೈ ಎಂತಕ್ಕೆ? ನಾ ಕಡೆಗೇ ಎತ್ತೂದು, ಆತು. ಮಾಸ್ತರ್ರು ಹೇಳಿದ್ಮೇಲೆ ಮುಗೀತು" ಎಂದು ದುರ್ಗಿ ತನ್ನ ಹಕ್ಕನ್ನು ಬಿಟ್ಟುಕೊಟ್ಟಳು. ಜಗಳ ತಣ್ಣಗಾಯಿತು. ಉಳಿದವರು ವಯಸ್ಸಿನ ಪ್ರಕಾರ ಎತ್ತುವುದು ಎಂದಾಯಿತು. ಸುಶೀಲಾ ಎಲ್ಲರಿಗಿಂತ ಚಿಕ್ಕವಳು, ಏಳನೆಯವಳಾದಳು. ಅವಳ ಹಿಂದೆ ದುರ್ಗಿ.

ಆ ಸಂಜೆ ಸುಶೀಲಾ ನಮ್ಮ ಮನೆಗೆ ಬಂದಳು. ಅವಳ ಕುತ್ತಿಗೆಯ ಮೂಳೆ ಸವೆದಿದೆ, ತಲೆಯ ಮೇಲೆ ಭಾರ ಹೊರಬಾರದು ಎಂದು ಡಾಕ್ಟರು ಹೇಳಿದ್ದರು. ಇಷ್ಟೇ ಬರೆಯುತ್ತೇನೆ, ಇದಕ್ಕಿಂತ ಹೆಚ್ಚು ಬರೆದರೆ ಮತ್ತೆ ಹರಿಯಬೇಕಾಗುತ್ತದೆ. "ಅಣ್ಣಾ, ಬಿಳಿ ಬಂದ್ರೆ ನಾ ಎಂತ ಮಾಡ್ಲಿ?" ಎಂದಳು. ಮೋಸ ಮಾಡು ಎಂದು ಅವಳು ಕೇಳಲಿಲ್ಲ. ಯೋಚನೆ ಬಂದದ್ದು ನನಗೇ. ಅವಳ ಹಿತ್ತಲಿನಲ್ಲಿ ಮೀನಿನ ಥರ್ಮಾಕೋಲ್ ಪೆಟ್ಟಿಗೆ ಇತ್ತು, ಅದರ ತುಂಬ ಐಸು. ಬಿಳಿ ಗುಂಡನ್ನು ಅದರಲ್ಲಿ ಹೂತಿಟ್ಟು ಹುಣ್ಣಿಮೆಯ ಬೆಳಿಗ್ಗೆ ಒರೆಸಿ ಗಡಿಗೆಗೆ ಹಾಕಿದರೆ — ಸುಟ್ಟ ಮಣ್ಣು, ಅರ್ಧ ಗಂಟೆ ಥಂಡಿ ಬಿಡುವುದಿಲ್ಲ. "ಕೈ ಹಾಕಿದಾಗ ತಣ್ಣಗಿದ್ದದ್ದನ್ನು ಬಿಡು" ಎಂದೆ. ಅವಳು ಎದ್ದು ಹೋದಳು.

ಯಾದೃಚ್ಛಿಕ ಎಂಬ ಶಬ್ದ ಪಠ್ಯದಲ್ಲಿ ಬಂದಾಗೆಲ್ಲ ಮಕ್ಕಳ ನಾಲಿಗೆ ತೊಡರುತ್ತದೆ. ನಾನು ಅದಕ್ಕೊಂದು ಅರ್ಥ ಕಟ್ಟಿದ್ದೆ: ಕಣ್ಣು ಮುಚ್ಚಿ, ಆಸೆ ಬಿಟ್ಟು ಎತ್ತುವುದು. ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಸುತ್ತಿದ್ದೆ. ಆ ವರ್ಷವೂ ಬರೆಸಿದೆ. ಹೆಂಗಸರಿಗೂ ಹಾಗೆಯೇ ಎತ್ತಬೇಕೆಂದು ಹೇಳಿಕೊಟ್ಟೆ.

ಹುಣ್ಣಿಮೆಯ ಬೆಳಿಗ್ಗೆ ಮಳೆ ಬಿಟ್ಟು ಹೊಳವಾಗಿತ್ತು. ಸಮುದ್ರಕ್ಕೆ ಕಾಯಿ ಕೊಟ್ಟು ಎಲ್ಲರೂ ಒದ್ದೆ ಸೀರೆಯಲ್ಲಿಯೇ ಬಂದು ನಿಂತರು. ನಾನು ಎಂಟೂ ಗುಂಡುಗಳನ್ನು ಒಂದೊಂದಾಗಿ ಎತ್ತಿ ತೋರಿಸಿ ಗಡಿಗೆಗೆ ಹಾಕಿದೆ. ಬಿಳಿಯದನ್ನು ತೋರಿಸುವಾಗ ನನ್ನ ಬೆರಳು ಥಂಡಿಗೆ ಮರಗಟ್ಟಿತ್ತು. ಗಡಿಗೆ ಅಲುಗಿಸಿ, ಬಾಯಿಗೆ ಬಟ್ಟೆ ಮುಚ್ಚಿ ಹಿಡಿದೆ. ಮೊದಲನೆಯವಳು ಕೆಂಪು. ಎರಡನೆಯವಳು ಕೆಂಪು. ಕೆಂಪು, ಕೆಂಪು... ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ — ಸುಶೀಲಾಳ ಸರದಿ ಬರುವ ಮೊದಲೇ ಯಾರಾದರೂ ಬಿಳಿ ಎತ್ತಿಬಿಡಲಿ, ನನ್ನ ಮೋಸಕ್ಕೆ ಕೆಲಸವೇ ಇಲ್ಲದ ಹಾಗಾಗಲಿ. ಐದನೆಯವಳು ಕೆಂಪು. ಆರನೆಯವಳೂ ಕೆಂಪು. ಗಡಿಗೆಯಲ್ಲಿ ಎರಡು ಉಳಿದವು. ಒಂದು ಕೆಂಪು, ಒಂದು ಬಿಳಿ. ಹೊರಗೆ ಇಬ್ಬರು ಹೆಂಗಸರು.

ಆಗ ನಿಲ್ಲಿಸಬಹುದಿತ್ತು. ಗಡಿಗೆ ಕೈಜಾರಿತು ಎಂದು ನೆಲಕ್ಕೆ ಬಿಡಬಹುದಿತ್ತು, ಮತ್ತೆ ಮೊದಲಿನಿಂದ ಎತ್ತೋಣ ಎನ್ನಬಹುದಿತ್ತು. ಈ ಹನ್ನೊಂದು ವರ್ಷ ನಾನು ಆ ಗಡಿಗೆಯನ್ನು ಎಷ್ಟು ಸಲ ಮನಸ್ಸಿನಲ್ಲಿ ಒಡೆದಿದ್ದೇನೋ — ಆ ದಿನ ಒಡೆಯಲಿಲ್ಲ. ಸುಶೀಲಾಳ ಕೈ ಒಳಗೆ ಹೋಯಿತು, ಒಂದು ಕ್ಷಣ ನಿಂತಿತು. ಅವಳು ನನ್ನ ಮುಖ ನೋಡಿದಳು. ನಾನು ರಸ್ತೆಯ ಕಡೆ ತಿರುಗಿದೆ. ಕೆಂಪು ಗುಂಡು ಹೊರಗೆ ಬಂತು.

ದುರ್ಗಿಯ ಸರದಿ. ಒಳಗೆ ಉಳಿದದ್ದು ಏನೆಂದು ಎಲ್ಲರಿಗೂ ಗೊತ್ತಾಗಿತ್ತು. ಆದರೂ ಅವಳು ನಾನು ಹೇಳಿಕೊಟ್ಟ ಹಾಗೆಯೇ ಕಣ್ಣು ಮುಚ್ಚಿ ಕೈ ಹಾಕಿದಳು. ತೆಗೆದಳು. ಬಿಳಿ ಗುಂಡು ಅಂಗೈಯಲ್ಲಿತ್ತು. ಅದನ್ನೇ ನೋಡುತ್ತ, "ಎಷ್ಟ್ ಥಂಡಿ ಅದೆ... ಹೆಣದ ಕೈ ಮುಟ್ಟಿದ ಹಾಂಗಾತು" ಎಂದಳು. ಅವಳೇ ನನ್ನನ್ನು ಸಮಾಧಾನ ಮಾಡಿದಳು: "ನೀವೆಂತ ಬೇಜಾರ್ ಮಾಡ್ಕಂತ್ರಿ? ಲೆಕ್ಕ ಸಮಾನೇ ಇತ್ತು. ನನ್ನ ಕೈಯೇ ಕೆಟ್ಟದ್ದು."

ಮರುದಿನದಿಂದ ಅವಳು ಬುಟ್ಟಿ ಹೊತ್ತಳು. ಒಳದಾರಿಯ ಕೇರಿಗಳು, ಶಿರಾಲಿಯ ಕಡೆಗೆ ಕೆಲವು ದಿನ ಬಸ್ಸು, ಇಳಿದು ಮತ್ತೆ ನಡಿಗೆ. ಹೊರುವುದರ ಬಗ್ಗೆ ಅವಳು ಒಂದು ದಿನವೂ ದೂರಲಿಲ್ಲ. ಆದರೆ ಮಾರ್ಕೆಟ್ಟಿನಲ್ಲಿ ಅವಳನ್ನು "ಕೈ ತಾಗ್ಸಿ ಹೋಗೆ" ಎಂದು ಕರೆಯುವವರು ಇಲ್ಲವಾದರು. ಗುಂಡೇ ಹೇಳಿದ ಮೇಲೆ ಇನ್ನೇನು? ಹೆಣದ ಹಾಗೆ ತಣ್ಣಗಿತ್ತಂತೆ ಎಂಬ ಮಾತು ಊರೆಲ್ಲ ಸುತ್ತಿತು. ಉಳಿದವರು ನಂಬಿದ್ದು ಹೋಗಲಿ, ಅವಳೇ ನಂಬಿದಳು. ಎರಡು ವರ್ಷದ ಮೇಲೆ ಅವಳ ಮಗನಿಗೆ ಗಂಡು ಮಗು ಹುಟ್ಟಿತು. ಜೇನಿನ ಬಟ್ಟಲು ಎದುರಿಗಿಟ್ಟರೆ ದುರ್ಗಿ ಕೈ ಹಿಂದಕ್ಕೆ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತಳು. ಕಡೆಗೆ ಪಕ್ಕದ ಮನೆಯವಳನ್ನು ಕರೆದರು. ನಾನು ಆ ದಿನ ಅಲ್ಲೇ ಇದ್ದೆ. ಊಟವನ್ನೂ ಮಾಡಿ ಬಂದೆ.

ನಾಲ್ಕು ವರ್ಷ ಕಟ್ಟೆಯಲ್ಲಿ ಕೂತ ಸುಶೀಲಾ ಮಗನ ಮನೆಗೆಂದು ಧಾರೇಶ್ವರಕ್ಕೆ ಹೋದಳು. ಕಟ್ಟೆ ಖಾಲಿಯಾಯಿತು. ಹೊರಗಿದ್ದವಳಿಗೆ ಸಲ್ಲಬೇಕು, ಮಾತೇ ಇಲ್ಲ. ಓಡಿಹೋಗಿ ದುರ್ಗಿಗೆ ಹೇಳಿದವನು ನಾನೇ — ಇದೋ ಸರಿಹೋಯಿತು, ಕೊಟ್ಟುಬಿಟ್ಟರೆ ಮುಗಿಯಿತು ಎಂಬ ಆಸೆ ನನಗೆ. "ಬೇಡ ಮಾಸ್ತರ್ರೇ" ಎಂದಳು. "ಸಮುದ್ರ ಬೇಡ ಅಂದದ್ದು ನಂಗೆ ಎಂತಕ್ಕೆ? ನಾ ಕೂತ್ರೆ ಪಕ್ಕದೋಳ ಮೀನೂ ಕೊಳೀತದೆ." ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ಹೋದದ್ದು ನನ್ನ ಮಾನವೂ ಅಲ್ಲ, ಅವಳದು. ಆ ಕಟ್ಟೆಯಲ್ಲಿ ಈಗ ಬೇರೆ ಯಾರೋ ಕೂರುತ್ತಾರೆ.

ಇಷ್ಟೆಲ್ಲ ಆದರೂ ನಾನು ನಿದ್ದೆ ಮಾಡಿದೆ, ಉಂಡೆ, ನಿವೃತ್ತಿಯ ದಿನ ಶಾಲು ಹೊದಿಸಿಕೊಂಡೆ. ಹೇಗೆ ಸಾಧ್ಯವಾಯಿತು ಎಂದರೆ — ನನ್ನ ಹತ್ತಿರ ಒಂದು ಲೆಕ್ಕ ಇತ್ತು. ಸುಶೀಲಾ ಒಬ್ಬಳನ್ನು ಬಿಟ್ಟರೆ ಉಳಿದವರು ಏಳು ಜನ. ಎಂಟರಲ್ಲಿ ಒಂದು ಇದ್ದದ್ದು ಏಳರಲ್ಲಿ ಒಂದಾಯಿತು, ಅಷ್ಟೇ ತಾನೇ? ಎಷ್ಟು ಸಣ್ಣ ವ್ಯತ್ಯಾಸ! ಒಬ್ಬೊಬ್ಬರಿಂದ ಒಂದು ಚಿಟಿಕೆ ತೆಗೆದು ತಂಗಿಗೆ ಕೊಟ್ಟೆ. ಯಾರ ಹೊಟ್ಟೆಗೂ ಕಡಿಮೆಯಾಗಲಿಲ್ಲ. ಬಿಳಿ ದುರ್ಗಿಗೆ ಬಂದದ್ದು ಅವಳ ಗ್ರಹಚಾರ. ಕೈಗುಣ ನಂಬದ ನಾನು ಗ್ರಹಚಾರವನ್ನು ಮಾತ್ರ ನಂಬಿದೆ, ನನಗೆ ಬೇಕಾದ ಒಂದೇ ಒಂದು ಕಡೆ.

ದುರ್ಗಿಯ ಮೊಮ್ಮಗಳು ನಯನಾ ಈ ವರ್ಷ ಹತ್ತನೆಯ ತರಗತಿ. ಸಂಜೆ ನನ್ನಲ್ಲಿಗೆ ಲೆಕ್ಕ ಹೇಳಿಸಿಕೊಳ್ಳಲು ಬರುತ್ತಾಳೆ. ಅಜ್ಜಿಯದೇ ಬಾಯಿ, ಅಜ್ಜಿಯದೇ ಚುರುಕು. ಆಷಾಢದಲ್ಲಿ ಅವಳ ಶಾಲೆಯಲ್ಲಿ ಆಶುಭಾಷಣ ಸ್ಪರ್ಧೆ ಇತ್ತು. ಅವಳದೇ ಮೊದಲ ಬಹುಮಾನ ಎಂದು ನಾನು ತಿಳಿದಿದ್ದೆ. ಏನಾಯಿತು ಎಂದು ಕೇಳಿದರೆ, ಹೆಸರೇ ಕೊಡಲಿಲ್ಲ ಎಂದಳು. ಯಾಕೆ? ವಿಷಯದ ಚೀಟಿಯನ್ನು ಅವರವರೇ ಎತ್ತಬೇಕಂತೆ.

"ಎತ್ತಿದರಾಯಿತಲ್ಲ?"

ಅವಳು ಪುಸ್ತಕದ ಮೂಲೆ ಮಡಚುತ್ತ ಕೂತಳು. "ನಮ್ಮನೆ ಕೈ ಸರಿ ಇಲ್ಲ ಸರ್. ಅಜ್ಜಿ ಎತ್ತಿದ್ದು ನಿಮಗೇ ಗೊತ್ತದೆಯಲ್ಲ. ನಾ ಎಂತಾ ಚೀಟಿ ಎತ್ತಿದ್ರೂ ಬರಾಬರ್ ಕೆಟ್ಟದ್ದೇ ಬರೂದು." ಮತ್ತೆ ಕೇಳಿದಳು: "ಸರ್, ಕೈ ಕೆಟ್ಟಿದ್ರೆ ಸಂಭವನೀಯತೆ ಬದಲಾಗ್ತದಾ?"

ನಾನು ಇಲ್ಲ ಎಂದೆ. ಕೈಯಿಂದ ಬದಲಾಗುವುದಿಲ್ಲ, ಎತ್ತುವವರಲ್ಲಿ ಒಬ್ಬರಿಗೆ ಮೊದಲೇ ಗೊತ್ತಿದ್ದರೆ ಮಾತ್ರ ಬದಲಾಗುತ್ತದೆ — ಮಾಸ್ತರಿಕೆಯ ಚಟ, ಬಾಯಿಗೆ ಬಂದುಬಿಟ್ಟಿತು. ಅವಳು ಬಿಡುತ್ತಾಳೆಯೇ? "ಆಗ ಎಷ್ಟಾಗ್ತದೆ?" ಎಂದಳು. ನಾಳೆ ಹೇಳುತ್ತೇನೆಂದು ಕಳಿಸಿದೆ. ಅವಳು ಹೋದ ಮೇಲೆ ಕಾಗದ ತೆಗೆದುಕೊಂಡು ಕೂತೆ. ಹನ್ನೊಂದು ವರ್ಷದಲ್ಲಿ ಆ ಲೆಕ್ಕವನ್ನು ಕಾಗದದ ಮೇಲೆ ಮಾಡಿದ್ದು ಅದೇ ಮೊದಲು.

ಮೊದಲ ಆರು ಜನಕ್ಕೆ ಏನೂ ಗೊತ್ತಿರಲಿಲ್ಲ. ಅವರ ಕೈಗೆ ಯಾವುದು ಸಿಕ್ಕಿತೋ ಅದು. ಹಾಗಾದರೆ ಅವರ ಸಂಭವ ಬದಲಾಗಲೇ ಇಲ್ಲ — ಮೊದಲಿನ ಹಾಗೆ ಎಂಟರಲ್ಲಿ ಒಂದು. ಸುಶೀಲಾಳದು ಸೊನ್ನೆ. ಅವಳು ಬಿಟ್ಟ ಪಾಲು ಏಳು ಜನರ ಮೇಲೆ ಚಿಟಿಕೆ ಚಿಟಿಕೆಯಾಗಿ ಬೀಳಲಿಲ್ಲ. ಇಡಿಯಾಗಿ ಅವಳ ಹಿಂದೆ ನಿಂತವಳ ಮೇಲೆ ಬಿತ್ತು. ದುರ್ಗಿಯದು ಎಂಟರಲ್ಲಿ ಎರಡು. ಉಳಿದವರಿಗಿಂತ ಸರೀ ಎರಡರಷ್ಟು, ಗಡಿಗೆಗೆ ಯಾರೂ ಕೈ ಹಾಕುವ ಮೊದಲೇ. ಗಡಿಗೆಯಲ್ಲಿ ಎರಡೇ ಉಳಿದಾಗಲಂತೂ ಸಂಭವ ಎಂಬ ಮಾತೇ ಇರಲಿಲ್ಲ, ಬಿಳಿ ಅವಳದೇ. ಹಿಂದು ಮುಂದು ಎಂಬುದಿಲ್ಲ, ಎಲ್ಲರಿಗೂ ಸಮಾನ ಎಂದು ನಾನು ಸೀಮೆಸುಣ್ಣ ಹಿಡಿದು ಸಾಧಿಸಿದ್ದೆ. ಆ ಮಾತನ್ನು ಪೂರ್ತಿಯಾಗಿ ನಂಬಿದವಳು ಅವಳೊಬ್ಬಳೇ, ನಂಬಿ ಹಿಂದೆ ಹೋಗಿ ನಿಂತಳು. ಅವಳು ನಿಂತ ಆ ಒಂದು ಜಾಗದಲ್ಲಿ ಮಾತ್ರ ನನ್ನ ಮಾತು ಸುಳ್ಳಾಗುವ ಹಾಗೆ ನಾನೇ ಮಾಡಿದ್ದೆ. ಮೂವತ್ತು ವರ್ಷ ಗಣಿತ ಕಲಿಸಿದವನಿಗೆ ಇದು ತಿಳಿಯಲಿಲ್ಲವೇ? ತಿಳಿಯಬಾರದೆಂದೇ ಕಾಗದ ಹಿಡಿಯದೆ ಇದ್ದೆನೇನೋ. ಗೊತ್ತಿಲ್ಲ. ತುಂಬ ದಣಿವಾಯಿತು ಆ ಸಂಜೆ.

ಸುಶೀಲಾಳಿಗೆ ಫೋನು ಮಾಡಿದೆ. ಹೇಳಿಬಿಡುತ್ತೇನೆ, ನಿನ್ನ ಹೆಸರು ಬಾರದ ಹಾಗೆ ನೋಡಿಕೊಳ್ಳುತ್ತೇನೆ ಎಂದೆ. "ನನ್ನ ಹೆಸ್ರು ಬಿಟ್ಟು ಹೇಳೂಕೆ ನಾ ಎಂತ ಹಸುಗೂಸಾಗಿದ್ನ ಅಣ್ಣಾ?" ಎಂದಳು. "ಥಂಡಿ ಗುಂಡು ಮುಟ್ಟಿ ಬಿಟ್ಟದ್ದು ಇದೇ ಕೈ. ನಂದೂ ಹೇಳು." ಹಾಗಾಗಿ ಅವಳ ಹೆಸರೂ ಇಲ್ಲಿದೆ.

ನಾಲ್ಕು ದಿನದ ಹಿಂದೆ, ಮಧ್ಯಾಹ್ನ, ದುರ್ಗಿಯ ಮನೆಗೆ ಹೋದೆ. ಅವಳು ಅದೇ ತಾನೇ ಕೇರಿ ಸುತ್ತಿ ಬಂದು, ಖಾಲಿ ಬುಟ್ಟಿಯನ್ನು ಜಗುಲಿಯ ಕೆಳಗೆ ತೊಳೆಯುತ್ತಿದ್ದಳು. ಅರವತ್ತಕ್ಕೆ ಹತ್ತಿರವಾದರೂ ಇನ್ನೂ ಹೊರುತ್ತಾಳೆ. ಕೂತ್ಕಳಿ ಎಂದಳು. ನಾನು ನಿಂತೇ ಹೇಳಿದೆ. ಐಸಿನ ಪೆಟ್ಟಿಗೆ, ತಣ್ಣಗಿನ ಗುಂಡು, ಸುಶೀಲಾ, ಎಂಟರಲ್ಲಿ ಎರಡು — ಎಲ್ಲ. ಕುತ್ತಿಗೆ ನೋವಿನ ಮಾತು ನಾಲಿಗೆಯ ತುದಿಯ ತನಕ ಬಂದಿತ್ತು, ನುಂಗಿದೆ.

ಅವಳು ತೊಳೆಯುವುದನ್ನು ನಿಲ್ಲಿಸಿದ್ದಳು. ಬಯ್ಯುತ್ತಾಳೆ ಎಂದುಕೊಂಡಿದ್ದೆ, ಆ ಬಾಯಿಗೆ ನಾನು ತಯಾರಾಗಿಯೇ ಹೋಗಿದ್ದೆ. ಅವಳು ತನ್ನ ಬಲಗೈ ಬಿಚ್ಚಿ ಅಂಗೈ ನೋಡಿಕೊಂಡಳು.

"ಐಸಾ?" ಎಂದಳು.

ನಾನು ತಲೆಯಾಡಿಸಿದೆ.

"ಬೆಳಗಾದ್ರೆ ಮುಟ್ಟೂದು ಐಸೇ. ಮೂವತ್ತ್ ವರ್ಷ ಆತು ಮುಟ್ಟೂಕೆ ಹಿಡ್ದು. ಆ ದಿನ ನಂಗೆ ಐಸು ಅಂತ ಗೊತ್ತಾಗ್ಲಿಲ್ಲ ನೋಡಿ. ಹೆಣ ಅಂದ್ಕಂಡೆ." ಆಮೇಲೆ ಕೇಳಿದಳು: "ಸುಶೀಲಾ ಕೆಂಪ್ ಎತ್ತಿದ್ಮೇಲೆ ಒಳಗೆ ಇದ್ದದ್ದು ಒಂದೇ ಅಲ್ದಾ? ಹಾಂಗಾದ್ರೆ ನಾ ಆರ್ಸಿ ಎತ್ತಿದ್ದು ಅಂತ ಎಂತದೂ ಇಲ್ಲ. ನೀವು ಉಳ್ಸಿದ್ದನ್ನ ತಕಂಡೆ."

ಹೌದು ಎಂದೆ. ಕ್ಷಮಿಸು ಎಂಬ ಮಾತನ್ನು ಹೇಳಿದೆನೋ ಇಲ್ಲವೋ ನನಗೇ ನೆನಪಿಲ್ಲ. ಹೇಳಿದ್ದರೂ ಅವಳು ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಬುಟ್ಟಿ ಬೋರಲು ಹಾಕಿ ಎದ್ದು ನಿಂತಳು. "ನಂಗೆ ಒಬ್ಳಿಗೆ ಹೇಳಿದ್ರೆ ಸಾಕಾಗೂದಿಲ್ಲ. ಗಡಿಗೆ ಹಿಡ್ಕಂಡು ನಿಂತಿದ್ರಲ್ಲ, ಅಲ್ಲೇ ನಿಂತ್ಕಂಡು ಹೇಳಿ. ನಯನಾನೂ ಬರ್ಲಿ. ನನ್ನ ಕೈ ಕೆಟ್ಟದೆ ಅಂತ ಊರೆಲ್ಲ ಕೇಳಿದ್ದು, ಇದ್ನೂ ಊರೆಲ್ಲ ಕೇಳ್ಲಿ."

ಅಡ್ಡಿಲ್ಲ ಎಂದೆ. ಮೆಟ್ಟಿಲಿಳಿದು ಅಂಗಳದ ಅರ್ಧಕ್ಕೆ ಬಂದಿದ್ದೆ. ಹಿಂದಿನಿಂದ ಅವಳ ದನಿ ಬಂತು. ಕೂಗಿದ್ದಲ್ಲ, ನನಗೆ ಹೇಳಿದ್ದೂ ಅಲ್ಲವೇನೋ.

"ಹಾಂಗಾದ್ರೆ ಆ ಕೂಸಿನ ಬಾಯಿಗೆ ಜೇನು ನಾನೇ ಹಾಕ್ಬಹುದಾಗಿತ್ತು."

ನಾನು ತಿರುಗಿ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ.

ನಾಳೆ ಹುಣ್ಣಿಮೆ. ಬೆಳಿಗ್ಗೆ ಕಾಯಿ ಕೊಟ್ಟು ಎಲ್ಲರೂ ಮಾರ್ಕೆಟ್ಟಿನ ಮಾಡಿನ ಕೆಳಗೆ ಸೇರುತ್ತಾರೆ. ಅಟ್ಟದ ಮೇಲಿದ್ದ ಗಡಿಗೆಯನ್ನು ಇಳಿಸಿ ಒರೆಸಿ ಇಟ್ಟಿದ್ದೇನೆ, ಎಂಟು ಗುಂಡುಗಳೂ ಅದರಲ್ಲಿಯೇ ಇವೆ. ಅಲ್ಲಿ ನಿಂತು ಇದನ್ನು ಮೊದಲಿನಿಂದ ಓದುತ್ತೇನೆ. ಜೇನಿನ ಮಾತು ಬರುವಲ್ಲಿ ದನಿ ನಿಲ್ಲಬಹುದು. ನಿಂತರೆ, ಅದೊಂದು ಸಾಲನ್ನು ನಯನಾಳ ಕೈಗೆ ಕೊಟ್ಟು ಓದಿಸುತ್ತೇನೆ, ಬಿಡುವುದಿಲ್ಲ.